ಶ್ರಾವಣದಲ್ಲಿ ಮುರಿದ ಮೌನ

ಹಿರೇಹಳ್ಳದ ದಂಡೆಯ ಮಠದಲ್ಲಿ ಪೂಜ್ಯ ಶ್ರೀ ಗುರುಪಾದ ಶಿವಯೋಗಿಗಳು ಶ್ರಾವಣ ಮಾಸವಿಡೀ ಮೌನದಲ್ಲಿರುತ್ತಿದ್ದರು. ಆಗ ಅವರ ದರ್ಶನ ಬೇಕೆಂದವರು ಗದ್ದುಗೆಯ ಬಳಿಯಲ್ಲ, ದಾಸೋಹದ ಅಡುಗೆಮನೆಯಲ್ಲಿ ಹುಡುಕಬೇಕು. ಗೋಣಿತಟ್ಟಿನ ಮೇಲೆ ಕುಳಿತು ಜೋಳ ಹಸನು ಮಾಡುತ್ತಿರುವರು. ಆ ಮೌನವನ್ನು ಪೂಜ್ಯರಿಗಿಂತ ಬಿಗಿಯಾಗಿ ಕಾಯುತ್ತಿದ್ದವರು ಹಿರಿಯ ಸೇವಕ ವೀರಭದ್ರಯ್ಯನವರು. ಯಾರಾದರೂ ಕೆಮ್ಮಿದರೂ ಕಣ್ಣು ಕೆಂಪಗೆ ಮಾಡುವ ಆಸಾಮಿ.

ಒಂದು ಮಧ್ಯಾಹ್ನ ಕಸ್ತೂರಿ ಎಂಬ ಹೈಸ್ಕೂಲು ಹುಡುಗಿ ಅಳುತ್ತ ಬಂದಳು. "ಶ್ರಾವಣ ಮುಗದ ಮ್ಯಾಲೆ ಬಾರವ್ವ" ಎಂದು ವೀರಭದ್ರಯ್ಯನವರು ಬಾಗಿಲಲ್ಲೇ ತಡೆದರು. ಅವಳು ಅಲ್ಲಿಂದಲೇ ಹೇಳಿದಳು: "ಅಪ್ಪಾರ, ನನ್ನ ಗೆಳತಿ ಮಹಾನಂದಾ ಒಂದ್ ಮಾತು ಹೇಳ್ಯಾಳ್ರಿ. ಯಾರ ಮುಂದೂ ಹೇಳಬ್ಯಾಡಂತ ತನ್ನ ತಲಿ ಮ್ಯಾಲೆ ಕೈ ಇಡಿಸಿ ಆಣಿ ಮಾಡಿಸ್ಕೊಂಡಾಳ. ಹೇಳಿದ್ರ ಆಣಿ ಅಕಿಗೇ ತಟ್ಟತೈತಿ. ಹೇಳದಿದ್ರ ಅಕಿ ಉಳಿಯೂದಿಲ್ಲ ಅನ್ನಿಸ್ತೈತ್ರಿ."

ಪೂಜ್ಯರ ಕೈ ಜೋಳದಲ್ಲೇ ನಿಂತಿತು. "ಅಕಿ ಸಾಯೂ ಮಾತು ಆಡ್ಯಾಳೇನವ್ವಾ?" ಎಂದರು.

ಶ್ರಾವಣದಲ್ಲಿ ಆ ಮಠ ಎಂದೂ ಕೇಳದ ಧ್ವನಿ ಅದು. ಅಡುಗೆಮನೆಯವರೆಲ್ಲ ಎದ್ದು ನಿಂತರು. ಹುಡುಗಿ ಹೌದೆಂದು ತಲೆಯಾಡಿಸಿದಳು.

"ನನ್ನ ವ್ರತ ಮುರೀತು. ನೀನೂ ನಿನ್ನ ಆಣಿ ಮುರಿಯವ್ವ. ಅದರ ದೋಷ ನನಗಿರ್ಲಿ" ಎಂದು ಪೂಜ್ಯರು ಅವಳ ಕೈ ಹಿಡಿದು ತಮ್ಮ ತಲೆಯ ಮೇಲೆ ಇರಿಸಿಕೊಂಡರು.

ಕಸ್ತೂರಿ ದಾರಿ ತೋರಿಸಲು, ಪೂಜ್ಯರು ಹಾಗೆಯೇ ಬರಿಗಾಲಲ್ಲಿ ಹೊರಟರು. ಹಿಂದೆ ವೀರಭದ್ರಯ್ಯನವರು, ಮುಖ ಗಂಟು ಹಾಕಿಕೊಂಡು. ಮಹಾನಂದಾಳ ಮನೆಯಲ್ಲಿ ಪೂಜ್ಯರು ಉಪದೇಶ ಮಾಡಲಿಲ್ಲ, ಗದರಲಿಲ್ಲ. ಅವಳೆದುರು ನೆಲದ ಮೇಲೆ ಕುಳಿತು, "ಸಾಯಬೇಕು ಅನ್ನಿಸೇತೇನವ್ವಾ?" ಎಂದು ನೇರವಾಗಿ ಕೇಳಿದರು. ಅವಳು ಕಸ್ತೂರಿಯತ್ತ ಸಿಟ್ಟಿನಿಂದ ನೋಡಿದಳು. ಮರುಕ್ಷಣ ಅವಳ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡು ಅತ್ತಳು. ಎಷ್ಟೋ ಹೊತ್ತು ಬಿಕ್ಕುತ್ತ ಹೇಳಿದ್ದನ್ನೆಲ್ಲ ಪೂಜ್ಯರು ಒಂದು ಮಾತೂ ಅಡ್ಡ ಹಾಕದೆ ಕೇಳಿದರು. ಬಳಿಕ ತಾಯಿಯನ್ನು ಮಗಳ ಪಕ್ಕದಲ್ಲಿ ಕೂರಿಸಿ, ಅವಳನ್ನು ಒಬ್ಬಳನ್ನೇ ಬಿಡಬಾರದೆಂದು ತಿಳಿಸಿ, ಅಂದೇ ಮನಸ್ಸಿನ ಬೇನೆ ನೋಡುವ ಡಾಕ್ಟರರ ಬಳಿಗೆ ಕಳುಹಿಸಿದರು. ಕಸ್ತೂರಿಯೂ ಜೊತೆಗೆ ಹೋದಳು.

ಮರಳುವಾಗ ವೀರಭದ್ರಯ್ಯನವರು ತಡೆಯಲಾರದೆ, "ವ್ರತಭಂಗಕ್ಕ ಪ್ರಾಯಶ್ಚಿತ್ತ ಏನ್ರಿ ಅಪ್ಪಾರ?" ಎಂದು ಕೇಳಿದರು.

"ಮೌನ ಹಿಡಿಯೂದು ಕೇಳಿಸ್ಕೊಳ್ಳಾಕ, ವೀರಭದ್ರಯ್ಯ. ಇವತ್ತ ಅದನ್ನ ಮಾಡೀವಿ."

ವೀರಭದ್ರಯ್ಯನವರು ದಾರಿಯ ಧೂಳಿನಲ್ಲೇ ಸಾಷ್ಟಾಂಗವೆರಗಿದರು.

ಮಹಾನಂದಾ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ದಿನಾ ಅವಳ ಮನೆಯ ಕಟ್ಟೆಗೆ ಹೋಗಿ ಕೂರುತ್ತಿದ್ದವರು ಅದೇ ವೀರಭದ್ರಯ್ಯನವರು. ಬುದ್ಧಿ ಹೇಳುತ್ತಿರಲಿಲ್ಲ, ಅವಳು ಮಾತಾಡಿದರೆ ಕೇಳುವರು, ಇಲ್ಲವಾದರೆ ಸುಮ್ಮನೆ ಇರುವರು. ಒಂದು ಬೆಳಿಗ್ಗೆ ಅವಳೇ, "ಅಜ್ಜಾರ, ಚಹಾ ಕುಡೀರಿ" ಎಂದು ಕಪ್ಪು ಹಿಡಿದು ಬಂದಳಂತೆ.