ಗದೆ ಬಿಡು, ಮಟ್ಟಿ ತುಳಿ

“ಉಸ್ತಾದ್ರೇ, ನೀವು ನಂಬಲ್ಲ. ಈಗ್ತಾನೇ ಆಗಿದ್ದು. ಕಣ್ಣಾರೆ ನೋಡ್ದೋನು ನಾನೇ ಇನ್ನೂ ನಂಬ್ತಿಲ್ಲ.”

ಯತೀಶ ಸೈಕಲ್ಲನ್ನ ಬೇವಿನ ಮರಕ್ಕೆ ಒರಗಿಸೋಷ್ಟೂ ಪುರುಸೊತ್ತಿಲ್ಲದೆ ಹಂಗೇ ಬಿಸಾಕಿ ಗರಡಿ ಒಳಗೆ ನುಗ್ಗಿದ್ದ. ಗರಡಿ ಬಾಗಿಲು ಗಿಡ್ಡ. ಎಂಥಾ ಪೈಲ್ವಾನ್ ಆಗಿದ್ರೂ ತಲೆ ಬಗ್ಗಿಸ್ಕೊಂಡೇ ಬರಬೇಕು ಅಂತಾನೇ ಹಂಗೆ ಕಟ್ಟಿರೋದು. ಇವತ್ತು ಅದೂ ಮರೆತುಹೋಗಿ, ಹಣೆ ಬಡಿಸ್ಕೊಂಡು, ಬಡಿಸ್ಕೊಂಡಿದ್ದನ್ನ ಉಜ್ಜಿಕೊಳ್ತಾನೇ ಮಾತಾಡ್ತಿದ್ದ.

ಉಸ್ತಾದ್ ಮಾಯಿಗಯ್ಯ ಮಟ್ಟಿ ಅಂಚಲ್ಲಿ ಕೂತು ನಿಂಬೆಹಣ್ಣು ಹಿಂಡ್ತಿದ್ರು. ಮಟ್ಟಿ ಅಂದ್ರೆ ಕುಸ್ತಿ ಆಡೋ ಕೆಮ್ಮಣ್ಣು. ಅದಕ್ಕೆ ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ ಹಾಕಿ ತುಳಿದು ತುಳಿದು ಹದ ಮಾಡಬೇಕು, ಬಿದ್ದೋರಿಗೆ ಮೂಳೆ ನೋಯಬಾರದು ನೋಡಿ, ಅದಕ್ಕೆ. ಗರಡಿ ಹಿಂದೆ ಕಪಿಲಾ ಹೊಳೆ ತನ್ನ ಪಾಡಿಗೆ ತಾನು ಹರೀತಿತ್ತು.

“ನಂಬೋದು ಆಮೇಲೆ,” ಅಂದ್ರು ಉಸ್ತಾದ್ರು. “ಮೊದ್ಲು ಉಸಿರು ತಗೋ.”

“ತಗೊಂಡೆ. ಜಿಮ್ಮಿಗೆ ಬರ್ತಾರಲ್ಲ, ನಂಜುಂಡಾರಾಧ್ಯ ಮೇಷ್ಟ್ರು, ದಪ್ಪಕ್ಕೆ, ಬೆಳ್ಳಗೆ. ಅವರು ನೆಲದ ಮೇಲೆ ಕೂತ್ಕೊಂಡ್ರು.”

“ಸರಿ.”

“ಏನ್ ಸರಿ, ಉಸ್ತಾದ್ರೇ? ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಕೊಂಡ್ರು. ಆ ಮನುಷ್ಯ ನೆಲ ಮುಟ್ಟಿ ಎಷ್ಟು ವರ್ಷ ಆಗಿತ್ತು ಗೊತ್ತಾ? ಮನೇಲಿ ದೇವರ ಮುಂದೂ ಕುರ್ಚಿ ಹಾಕ್ಕೊಂಡು ಕೂರೋರು. ಮೊಮ್ಮಗಳು ಆಟಕ್ಕೆ ಕರೆದ್ರೆ ಮೇಲಿಂದಾನೇ ಕೈ ಆಡಿಸೋರು. ಇವತ್ತು ಕೂತ್ಕೊಂಡ್ರು, ಕೂತ್ಕೊಂಡೋರು ಏಳ್ಲೇ ಇಲ್ಲ. ಏಳಿ ಸಾರ್ ಅಂದ್ರೆ, ಇರಯ್ಯ, ಇನ್ನೊಂಚೂರು ಇರ್ತೀನಿ ಅಂತಾರೆ. ಜಿಮ್ಮಲ್ಲಿ ಎಲ್ಲ ಭಾರ ಎತ್ತೋದು ಬಿಟ್ಟು ಅವರನ್ನೇ ನೋಡ್ತಾವ್ರೆ.”

“ಯಾರು ಕಲಿಸಿದ್ದು?”

ಯತೀಶ ಎದೆ ಉಬ್ಬಿಸ್ದ. ಆಮೇಲೆ ಗರಡಿಲಿ ನಿಂತಿದ್ದೀನಿ ಅಂತ ನೆನಪಾಗಿ ಇಳಿಸ್ದ.

“ನಾನೇ. ಅಲ್ಲಿನ ಟ್ರೇನರ್ ಬಿಟ್ಟು ಹೋಗಿದ್ರು. ನಾನು ಸಂಜೆ ಹೊತ್ತು ಅಲ್ಲಿ ಸಾಮಾನು ಜೋಡಿಸೋಕೆ ಹೋಗ್ತೀನಲ್ಲ, ಮೇಷ್ಟ್ರು ಒಬ್ರೇ ಒದ್ದಾಡೋದು ನೋಡ್ದೆ. ಕಂಬಕ್ಕೆ ಹಗ್ಗ ಕಟ್ಟಿ, ಇಲ್ಲಿ ಹೊಸಬರಿಗೆ ಹಿಡಿಸ್ತೀವಲ್ಲ ಹಂಗೇ ಹಿಡಿಸಿ, ಸ್ವಲ್ಪ ಸ್ವಲ್ಪವಾಗಿ ಬಸ್ಕಿ ಹೊಡೆಸ್ದೆ.”

ಉಸ್ತಾದ್ರು ನಿಂಬೆ ಸಿಪ್ಪೆನ ಪಕ್ಕಕ್ಕಿಟ್ರು. “ಒಳ್ಳೇ ಕೆಲಸ ಮಾಡ್ದೆ ಕಣ್ಲಾ.”

ಯತೀಶನಿಗೆ ಆ ಮಾತು ಕಿವಿಗೆ ಬಿತ್ತು, ಮನಸ್ಸಿಗೆ ಇಳೀಲಿಲ್ಲ. ಅವನಿಗೆ ಇನ್ನೊಂದು ಮಾತು ಹೇಳೋ ಆತುರ.

“ಓನರ್ ರೋಹಿತ್ ಸಾರ್ ಎಲ್ಲ ನೋಡಿಬಿಟ್ರು. ನನ್ನ ಪಕ್ಕಕ್ಕೆ ಕರ್ಕೊಂಡು ಹೋಗಿ, ಯತೀಶ, ನೀನು ಮೈಸೂರಲ್ಲಿ ಕೋರ್ಸ್ ಮಾಡು, ಪರೀಕ್ಷೆ ಪಾಸಾಗು, ಸರ್ಟಿಫೈಡ್ ಪರ್ಸನಲ್ ಟ್ರೇನರ್ ಆಗ್ತೀಯ, ಆ ಕೆಲಸ ನಿಂಗೇ ಅಂದ್ರು. ಇವತ್ತು ಕತ್ತಲಾಗೋದ್ರೊಳಗೆ ಹೇಳಬೇಕಂತೆ. ಇಲ್ಲಾಂದ್ರೆ ಆ ಸೀಟು ಬೇರೆಯೋರಿಗೆ.”

“ಹೂಂ.”

“ಕ್ಲಾಸು ಬೆಳಿಗ್ಗೆ ಹೊತ್ತು.”

ಬೆಳಿಗ್ಗೆ ಅಂದ್ರೆ ಗರಡಿ ಹೊತ್ತು. ಅದನ್ನ ಇಬ್ರೂ ಬಾಯಿಬಿಟ್ಟು ಹೇಳ್ಲಿಲ್ಲ. ಹೋಗೋನು ಉಸ್ತಾದ್‌ರನ್ನ ಕೇಳದೆ ಹೋಗೋ ಹಂಗಿಲ್ಲ, ಅದು ಈ ಗರಡಿ ಪದ್ಧತಿ. ಅದಕ್ಕೇ ಅವನು ಓಡಿ ಬಂದಿದ್ದು.

ಆದ್ರೆ ನಿಜ ಹೇಳಬೇಕು ಅಂದ್ರೆ, ಅವನಿಗೆ ಒಳಗೊಳಗೇ ಒಂದು ಉರಿ ಇತ್ತು. ಯುಗಾದಿ ಕಳೆದ ಮೇಲೆ ಒಂದಿನ ಉಸ್ತಾದ್ರು ಸುಮ್ಮಸುಮ್ಮನೆ ಅವನ ಕೈಯಿಂದ ಗದೆ ಕಿತ್ಕೊಂಡಿದ್ರು. ಏನೂ ತಪ್ಪು ಮಾಡಿರ್ಲಿಲ್ಲ ಅವನು. “ಗದೆ ಬಿಡು, ಮಟ್ಟಿ ತುಳಿ,” ಅಂದ್ರು, ಅಷ್ಟೇ. ಯಾಕೆ ಅಂತ ಹೇಳ್ಲಿಲ್ಲ.

ಅವತ್ತಿಂದ ಬರೀ ಮಟ್ಟಿ ತುಳಿಯೋದು, ಬಸ್ಕಿ ಹೊಡೆಯೋದು, ಹೊಳೆ ದಡದಲ್ಲಿ ಓಡೋದು. ಅವನಿಗಿಂತ ಚಿಕ್ಕೋರೆಲ್ಲ ಗದೆ ತಿರುಗಿಸೋರು, ಇವನು ಮಜ್ಜಿಗೆ ಸುರಿದು ಮಣ್ಣು ತುಳಿಯೋನು. ದಸರಾ ಕುಸ್ತಿಗೆ ಹೆಸರು ಕೊಡೋವಾಗ ಉಸ್ತಾದ್ರು ಇವನ ಕಡೆ ತಿರುಗಿಯೂ ನೋಡ್ಲಿಲ್ಲ. “ಏನೋ ಯತೀಶ, ಉಸ್ತಾದ್ರು ನಿನ್ನ ಗಾಣದೆತ್ತು ಮಾಡಿಬಿಟ್ರಲ್ಲೋ,” ಅಂತ ಗೆಳೆಯರು ಆಡ್ಕೊಂಡು ನಗೋರು. ಅವನೂ ನಕ್ಕು, ಮನೆಗೆ ಹೋಗಿ ಊಟ ಬಿಟ್ಟು ಮಲಗೋನು.

ಉಸ್ತಾದ್‌ರ ಲೆಕ್ಕದಲ್ಲಿ ನಾನು ಮುಗಿದೋನು. ಹಂಗಂತ ತೀರ್ಮಾನ ಮಾಡ್ಕೊಂಡುಬಿಟ್ಟಿದ್ದ.

“ಹೋಗಲಾ ಬೇಡ್ವಾ, ಉಸ್ತಾದ್ರೇ?”

“ಟ್ರೇನರ್ ಅಂದ್ರೆ ಏನ್ ಮಾಡ್ತಾರೆ?”

“ಸಾಮು ಮಾಡಿಸ್ತಾರೆ. ಒಬ್ಬೊಬ್ರಿಗೇ, ಪಕ್ಕದಲ್ಲೇ ನಿಂತ್ಕೊಂಡು.”

“ಹಂಗಾದ್ರೆ ನಂಗೊಂದಿಷ್ಟು ಮಾಡ್ಸು.”

“ನಿಮಗಾ?”

“ಯಾಕೆ, ನಂಗೆ ಮೈ ಇಲ್ವಾ?”

ಯತೀಶ ನಕ್ಕುಬಿಟ್ಟ. ಆಮೇಲೆ ಉಸ್ತಾದ್ರು ನಗ್ತಿಲ್ಲ ಅಂತ ಗೊತ್ತಾಯ್ತು. ಇದು ಪರೀಕ್ಷೆ ಅಂತ ಹೊಳೀತು, ಹೊಳೆದಿದ್ದೇ ತಡ ಮೈಯೆಲ್ಲ ಜುಮ್ಮಂತು. ಬಗಲಲ್ಲಿದ್ದ ಚೀಲಕ್ಕೆ ಕೈ ಹಾಕಿ, ರೋಹಿತ್ ಸಾರ್ ಕೊಟ್ಟಿದ್ದ ಕರೀ ಟೀ ಶರ್ಟ್ ತೆಗೆದು ಹಾಕ್ಕೊಂಡ. ಬೆನ್ನ ಮೇಲೆ ದೊಡ್ಡದಾಗಿ ‘ಟ್ರೇನರ್’ ಅಂತ ಇತ್ತು. ಗರಡಿಲಿ ಎಲ್ಲರೂ ಅಂಗಿ ಬಿಚ್ಚಿಟ್ಟು ಒಳಗೆ ಬರೋದು, ಇವನೂ ಆ ಅವಸರದಲ್ಲೂ ಬಾಗಿಲಲ್ಲೇ ಬಿಚ್ಚಿಟ್ಟು ಬಂದಿದ್ದ. ಒಳಗೆ ಬಂದ ಮೇಲೆ ಅಂಗಿ ಹಾಕ್ಕೊಂಡೋನು ಅಂದ್ರೆ ಇವನೊಬ್ನೇ ಇರಬೇಕು.

“ಬನ್ನಿ, ನಿಂತ್ಕೊಳ್ಳಿ. ಕಾಲು ಅಗಲ ಮಾಡಿ. ಎದೆ ಮುಂದಕ್ಕೆ. ಬಸ್ಕಿಯಿಂದ ಶುರು ಮಾಡೋಣ.”

ಉಸ್ತಾದ್ರು ಪಂಚೆ ಎತ್ತಿ ಕಟ್ಟಿ ನಿಂತ್ರು. ಅವನು ಹೇಳಿದ ಹಂಗೇ ಕೂತ್ರು, ಎದ್ರು.

“ಸೂಪರ್. ಇನ್ನೊಂದು. ಇನ್ನೂ ಕೆಳಗೆ ಹೋಗಬೇಕು. ಹಾಂ, ಹಂಗೆ.”

ಯತೀಶ ಚಪ್ಪಾಳೆ ತಟ್ತಾ ಸುತ್ತಾ ತಿರುಗ್ತಿದ್ದ. ಜಿಮ್ಮಲ್ಲಿ ಕೇಳಿದ್ದ ಮಾತೆಲ್ಲ ಬಾಯಿಗೆ ಬರ್ತಿತ್ತು, ಒಂದರ ಮೇಲೊಂದು. ನಿಮ್ಮಿಂದ ಆಗುತ್ತೆ. ಮನಸ್ಸು ಗಟ್ಟಿ ಮಾಡಿ. ನಿಲ್ಲಿಸ್ಬೇಡಿ. ಇನ್ನು ಸ್ವಲ್ಪ, ಇನ್ನು ಸ್ವಲ್ಪ. ಎಂಥಾ ಚೆಂದ ಮಾತಾಡ್ತಿದ್ದೀನಿ ಅಂತ ಅವನಿಗೇ ಖುಷಿ ಆಗ್ತಿತ್ತು.

ಉಸ್ತಾದ್ರು ಕೂತ್ರು, ಎದ್ರು. ಕೂತ್ರು, ಎದ್ರು. ಒಂದು ಮಾತೂ ಆಡ್ಲಿಲ್ಲ.

“ಕೊನೇದು, ಕೊನೇದು. ಆಯ್ತು, ಇನ್ನೊಂದು ಕೊನೇದು.”

ಕೂತೋರು ಏಳೋಕೆ ಹೋದ್ರು. ಎಡ ಮೊಣಕಾಲು ಕಟಕ್ ಅಂತು. ಕೈ ಗಾಳೀಲಿ ಏನೋ ಹುಡುಕಿತು, ಸಿಗಲಿಲ್ಲ. ಮುದುಕರು ಪಕ್ಕಕ್ಕೆ ವಾಲಿ ಮಟ್ಟಿ ಮೇಲೆ ಬಿದ್ರು.

ಯತೀಶನ ಚಪ್ಪಾಳೆ ಅರ್ಧಕ್ಕೇ ನಿಂತಿತು.

ಓಡಿ ಹೋಗಿ ಹಿಡ್ಕೊಂಡ. ಮೊಣಕಾಲು ಊದಿತ್ತು. ಈಗ ಊದಿದ್ದಲ್ಲ ಅದು, ಹಳೇ ಊತ. ಅದರ ಸುತ್ತ ಸೊಪ್ಪು ಅರೆದು ಹಚ್ಚಿದ ಹಸಿರು ಕಲೆ ಇನ್ನೂ ಹಂಗೇ ಇತ್ತು. ಪಂಚೆ ಎತ್ತಿ ಕಟ್ಟಿದಾಗಿಂದ ಕಣ್ಣೆದುರಿಗೇ ಇತ್ತು.

“ನೋವಿದೆ ಅಂತ ಹೇಳೋದಲ್ವಾ, ಉಸ್ತಾದ್ರೇ?” ಅಂತ ಮೊಣಕಾಲು ಹಿಡ್ಕೊಂಡೇ ಕೇಳ್ದ. “ಒಂದು ಮಾತು, ಒಂದೇ ಒಂದು ಮಾತು ಹೇಳಿದ್ರೆ ನಿಲ್ಲಿಸ್ತಿದ್ನಲ್ಲ.”

“ಗರಡಿಲಿ ಯಾರಾದ್ರೂ ಹೇಳ್ತಾರೇನ್ಲಾ?”

ಹೇಳಲ್ಲ. ಉಸ್ತಾದ್‌ರ ಮುಂದೆ ಶಿಷ್ಯ ನೋವು ಅನ್ನಲ್ಲ. ಅನ್ನಬಾರದು ಅಂತ ಯಾರೂ ಗೋಡೆ ಮೇಲೆ ಬರೆದಿಲ್ಲ, ಆದ್ರೂ ಅಲ್ಲಿಗೆ ಬಂದೋರೆಲ್ಲ ಮಣ್ಣು ಮೈಗೆ ಹತ್ತೋ ಮುಂಚೆ ಅದನ್ನ ಕಲ್ತಿರ್ತಾರೆ. ಇವತ್ತು ಉಸ್ತಾದ್ ಆಗಿದ್ದೋನು ಯತೀಶ. ಶಿಷ್ಯ ಆಗಿದ್ದೋರು ಮಾಯಿಗಯ್ಯ.

ಯತೀಶ ನೀರು ತಂದುಕೊಟ್ಟ. ಉಸ್ತಾದ್ರು ಎದ್ದು ಕೂರದೆ ಮಣ್ಣಿಗೇ ಒರಗಿಕೊಂಡು ಕುಡಿದ್ರು.

“ಮಟ್ಟಿ ಚೆನ್ನಾಗಿ ತುಳಿದಿದ್ದೀಯ,” ಅಂದ್ರು. “ಎಲ್ಲೂ ಪೆಟ್ಟಾಗ್ಲಿಲ್ಲ.”

ಅವನಿಗೆ ನಗೋದೋ ಅಳೋದೋ ತಿಳೀಲಿಲ್ಲ.

“ಆ ಮೇಷ್ಟ್ರಿಗೂ ಹಿಂಗೇ ಮಾಡಿಸಿದ್ಯಾ?”

“ಇಲ್ಲ, ಉಸ್ತಾದ್ರೇ. ಅವರು ಕೂರೋಕೆ ಹೋದಾಗೆಲ್ಲ ಎಡಗಾಲು ಹೊರಗಡೆ ತಿರುಗ್ತಿತ್ತು. ಹಿಮ್ಮಡಿ ಮೇಲೇಳ್ತಿತ್ತು. ಭಯಕ್ಕೆ ಉಸಿರು ಬಿಗಿ ಹಿಡ್ಕೊಳ್ಳೋರು. ಅದಕ್ಕೇ ಹಗ್ಗ ಕೊಟ್ಟೆ. ಉಸಿರು ಬಿಗಿಯಾದ ತಕ್ಷಣ, ಸಾಕು ಸಾರ್, ನಾಳೆ ಅನ್ನೋನು.”

“ಅವರೇನಾದ್ರೂ ಹೇಳ್ತಿದ್ರಾ?”

“ಅವರು ಮೇಷ್ಟ್ರು, ಉಸ್ತಾದ್ರೇ. ನನ್ನಂಥೋನ ಹತ್ರ ಯಾಕ್ ಹೇಳ್ತಾರೆ? ನಾನೇ ನೋಡ್ಕೊಂಡೆ.”

“ಆಗ ಬೆನ್ನ ಮೇಲೆ ಏನ್ ಬರೆದಿತ್ತು?”

“ಏನೂ ಇರ್ಲಿಲ್ಲ.”

“ಅಂಗಿ ಹಾಕ್ಕೊಂಡ ತಕ್ಷಣ ಕಣ್ಣು ಹೋಯ್ತಲ್ಲೋ ಮಗ.”

ಯತೀಶ ತಲೆ ತಗ್ಗಿಸ್ದ. ಮುಖ ಕೆಂಪಗಾಗಿತ್ತು. ಈ ಅಂಗಿ ಒಂದು ಗಳಿಗೆಯೂ ಮೈಮೇಲೆ ಬೇಡ ಅನ್ನಿಸಿ ಬಿಚ್ಚೋಕೆ ಹೋದ. ಎಡಗೈ ಸಲೀಸಾಗಿ ಬಂತು. ಬಲಗೈ ಕಿವಿ ಹತ್ರ ಬಂದು ನಿಂತ್ಕೊಂಡ್ತು. ಅವನು ಮೈ ಕೊಂಕಿಸಿ, ಕುತ್ತಿಗೆ ತಿರುಚಿ, ಮೀನು ಬಲೆಯಿಂದ ಜಾರೋ ಹಂಗೆ ಹೆಂಗೋ ಹೊರಗೆ ಬಂದ.

“ನಾನು ಹೋಗಲ್ಲ, ಉಸ್ತಾದ್ರೇ. ರೋಹಿತ್ ಸಾರ್‌ಗೆ ಆಗಲ್ಲ ಅಂತೀನಿ. ನಂಗೆ ಆ ಯೋಗ್ಯತೆ ಇಲ್ಲ. ಇಲ್ಲೇ ಮಟ್ಟಿ ತುಳ್ಕೊಂಡು ಇರ್ತೀನಿ.”

“ಆ ಭುಜ ಯಾಕ್ ನೋಯ್ತದೆ?”

ಯತೀಶನ ಕೈಯಲ್ಲಿದ್ದ ಅಂಗಿ ಕೆಳಗೆ ಬಿತ್ತು.

ಆ ಮಾತು ಅವನು ಯಾರಿಗೂ ಹೇಳಿರ್ಲಿಲ್ಲ. ಅವ್ವಂಗೂ ಹೇಳಿರ್ಲಿಲ್ಲ. ಯುಗಾದಿ ಹೊತ್ತಿಗೆ ಶುರುವಾಗಿದ್ದು, ಗದೆ ಹಿಂದಕ್ಕೆ ಹೋದಾಗ ಒಳಗೆ ಎಲ್ಲೋ ಚುಚ್ಚೋದು. ಹಲ್ಲು ಕಚ್ಕೊಂಡು ತಿರುಗಿಸೋನು.

ಗದೆ ಬಿಡು, ಮಟ್ಟಿ ತುಳಿ.

ತುಳಿಯೋದು, ಬಸ್ಕಿ, ಓಟ. ಎಲ್ಲ ಕಾಲಿಂದು. ಭುಜದ್ದು ಒಂದೂ ಇಲ್ಲ. ಇಷ್ಟು ತಿಂಗಳು ಅವನು ಮುಖ ಊದಿಸ್ಕೊಂಡು ತುಳಿದಿದ್ದ, ಒಂದಿನವೂ ಇದು ತಲೆಗೆ ಹೋಗಿರ್ಲಿಲ್ಲ.

“ನಿಮಗೆ ಗೊತ್ತಿತ್ತಾ?”

“ನೋಯ್ತದೆ ಅಂತ ಗೊತ್ತಿತ್ತು. ಯಾಕ್ ನೋಯ್ತದೆ ಅಂತ ಗೊತ್ತಿಲ್ಲ.” ಉಸ್ತಾದ್ರು ಮೊಣಕಾಲಿಗೆ ಮಣ್ಣು ಮೆತ್ತಿಕೊಳ್ತಿದ್ರು. “ಬಿಡಿಸಿಟ್ರೆ ವಾಸಿ ಆಗ್ತದೆ ಅಂದ್ಕೊಂಡೆ. ಆಗ್ಲಿಲ್ಲ. ನಂಗೆ ತಿಳಿದಿದ್ದು ಅಷ್ಟೇ. ಆ ಕೋರ್ಸಲ್ಲಿ ಯಾಕೆ ಅಂತ ಹೇಳ್ಕೊಡ್ತಾರಾ?”

“ಹೇಳ್ಕೊಡ್ತಾರಂತೆ. ಮೂಳೆ, ಕೀಲು, ಯಾವ ನರ ಎಲ್ಲಿಗೆ ಹೋಗುತ್ತೆ, ಎಲ್ಲ. ಡಾಕ್ಟರ ಹತ್ರ ಯಾವಾಗ ಕಳಿಸಬೇಕು ಅನ್ನೋದೂ ಇದೆಯಂತೆ.”

“ಹಂಗಾದ್ರೆ ಕಲ್ತು ಬಂದು ನಂಗೂ ಹೇಳು. ಈ ವಯಸ್ಸಲ್ಲಿ ಮೈಸೂರಿಗೆ ಯಾರು ಹೋಗ್ತಾರೆ?”

“ಆದ್ರೆ ಈಗ ನಿಮ್ಮನ್ನ ಬೀಳಿಸಿಬಿಟ್ನಲ್ಲ?”

“ಹೇಳದ ನೋವು ನೋಡೋದನ್ನ ಅಲ್ಲಿ ಹೇಳ್ಕೊಡಲ್ಲ. ಅದಕ್ಕೆ ಇಲ್ಲೇ ಬೀಳಿಸ್ಕೊಂಡೆ.”

ಹೊಳೆ ಮೇಲೆ ಬಿಸಿಲು ಕೆಂಪಾಗ್ತಿತ್ತು. ಯತೀಶನ ಜೇಬಲ್ಲಿ ಫೋನ್ ಹೊಡ್ಕೊಳ್ಳೋಕೆ ಶುರುವಾಯ್ತು. ರೋಹಿತ್ ಸಾರ್. ಅವನು ಉಸ್ತಾದ್‌ರ ಮುಖ ನೋಡ್ದ. ಉಸ್ತಾದ್ರು ಹೊಳೆ ನೋಡ್ತಿದ್ರು.

ಫೋನ್ ಕಿವಿಗಿಟ್ಟ. ಎಡಗೈಯಲ್ಲಿ.

“ಸಾರ್, ಬರ್ತೀನಿ. ಕೋರ್ಸಿಗೆ ಸೇರ್ತೀನಿ.” ಇಷ್ಟೊಂದು ಮಾತಾಡೋ ಹುಡುಗನಿಗೆ ಮುಂದಿನ ಒಂದು ಮಾತು ಎಷ್ಟು ಕಷ್ಟ ಆಯ್ತು ಅಂತೀರಿ. “ಆದ್ರೆ ಸಾರ್, ನಂಗೆ ಬಲ ಭುಜ ನೋಯುತ್ತೆ. ಯುಗಾದಿಯಿಂದ್ಲೂ ನೋಯ್ತಿದೆ. ಮೊದ್ಲು ಅದನ್ನ ಡಾಕ್ಟರಿಗೆ ತೋರಿಸ್ಕೊಂಡು ಬರ್ತೀನಿ.”

ಆ ಕಡೆಯಿಂದ ಏನೋ ಹೇಳಿದ್ರು. ಇವನು ಹೂಂ ಸಾರ್, ಹೂಂ ಸಾರ್ ಅಂದು ಇಟ್ಟ.

ಆಮೇಲೆ ಉಸ್ತಾದ್‌ರ ಕಾಲ ಹತ್ರ ಬಂದು ಕೂತ್ಕೊಂಡ. ಮೊಣಕಾಲಿಗೆ ಮೆತ್ತಿದ ಮಣ್ಣನ್ನ ಮೆಲ್ಲಗೆ ಸರಿಮಾಡ್ದ. ಮುಟ್ಟಿದಾಗ ಎಲ್ಲಿ ಅವರ ಹುಬ್ಬು ಅಲುಗುತ್ತೆ ಅಂತ ನೋಡ್ತಾ ನೋಡ್ತಾ.

“ಒಂದು ಕೇಳ್ಲಾ, ಉಸ್ತಾದ್ರೇ? ಗದೆ ಯಾಕ್ ಕಿತ್ಕೊಂಡೆ ಅಂತ ನೀವು ಅವತ್ತೇ ಹೇಳಬಹುದಿತ್ತಲ್ಲ? ಇಷ್ಟು ದಿನ ನಿಮ್ಮನ್ನ ಮನಸ್ಸಲ್ಲೇ ಎಷ್ಟು ಬೈಕೊಂಡೆ ಗೊತ್ತಾ?”

“ಗೊತ್ತು. ಮಟ್ಟಿ ತುಳಿಯೋವಾಗ ಕಾಲಲ್ಲೇ ಬೈತಿದ್ದೆ.”

ಉಸ್ತಾದ್ರು ಕೈ ಚಾಚಿದ್ರು. ಯತೀಶ ಎಡಭುಜ ಕೊಟ್ಟ. ಅವರು ಅದನ್ನ ಹಿಡ್ಕೊಂಡು ನಿಧಾನಕ್ಕೆ ಎದ್ದು ನಿಂತ್ರು.

“ಒಬ್ಬ ಹುಡುಗ, ಬಂದಾಗಿಂದ ಊರ ಮಾತೆಲ್ಲ ಆಡ್ತಾನೆ, ನೋವಿಂದು ಒಂದು ಮಾತು ಆಡಲ್ಲ. ಕೇಳಿದ್ರೆ ಏನಿಲ್ಲ ಅಂತಾನೆ, ನೋಯ್ತದೆ ಅಂತ ಗೊತ್ತಾಗಿಬಿಡ್ತು ಅಂದ್ರೆ ಅವಮಾನ ಅಂತ ಗರಡಿನೇ ಬಿಟ್ಟುಹೋಗ್ತಾನೆ. ಅಂಥ ಶಿಷ್ಯ ನಿಂಗೆ ಸಿಕ್ಕಿದ್ದಿದ್ರೆ, ನೀನೇನ್ ಮಾಡ್ತಿದ್ದೆ ಹೇಳು.”