ಕಾಣದ ಕಾರ್ಡು

ಕುರ್ಚಿಯಿಂದ ಕಸದ ಬುಟ್ಟಿಯವರೆಗೆ ಎಲ್ಲದರ ಬೆನ್ನಿಗೂ ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದ ಕಚೇರಿ ಅದು. ನಂಬರು ಕಾಣದಿದ್ದರೆ ವಸ್ತುವೇ ಇಲ್ಲ ಎಂಬುದು ತಪಾಸಣೆಗೆ ಬಂದ ಸಾಹೇಬರ ವಾದ. ಪಟ್ಟಿಯಲ್ಲಿದ್ದ ಹೊಸ ಮೋಡೆಮ್ ಕಾರ್ಡು ಅವರ ಕಣ್ಣಿಗೆ ಬೀಳಲಿಲ್ಲ.

"ಅದು ಆ ರೂಟರ್ ಪೆಟ್ಟಿಗೆಯ ಒಳಗಿದೆ ಸಾರ್. ಇಂಟರ್ನೆಟ್ಟಿನ ದೊಡ್ಡ ಲೈನು ಕೆಟ್ಟಾಗ ಫೋನ್ ತಂತಿಯಲ್ಲಿ ಕೆಲಸ ನಡೆಸುತ್ತೆ," ಎಂದ ಗುಮಾಸ್ತ ಕೊಟ್ರಪ್ಪ.

"ಕತೆ ಕಟ್ಟಬೇಡ ಕಣಯ್ಯ. ಮಾರಿಕೊಂಡು ತಿಂದಿದ್ದೀಯ. ನಿನ್ನನ್ನ ಸಸ್ಪೆಂಡ್ ಮಾಡಿಸ್ತೀನಿ!"

ಕೊಟ್ರಪ್ಪನ ನಿವೃತ್ತಿಗೆ ಎರಡೇ ತಿಂಗಳಿತ್ತು. ಹೆಂಡತಿ ಹಾಸಿಗೆ ಹಿಡಿದು ವರ್ಷವಾಗಿತ್ತು. ಸಾಹೇಬರು ಆಗಲೇ ಕಂಪ್ಯೂಟರಿನ ಮುಂದೆ ಕೂತು ಕಳ್ಳತನದ ವರದಿಯನ್ನು ಕೇಂದ್ರ ಕಚೇರಿಗೆ ಕಳಿಸತೊಡಗಿದ್ದರು. ಅದು ಆಮೆಯ ಹಾಗೆ ತೆವಳುತ್ತಿತ್ತು.

ಕೊಟ್ರಪ್ಪ ರೂಟರ್ ಆರಿಸಿದ. ತಿರುಪು ಬಿಚ್ಚಿದ. ಅಂಗೈಯಗಲದ ಕಾರ್ಡನ್ನು ಎಳೆದು ತಂದು ಮೇಜಿನ ಮೇಲಿಟ್ಟ.

"ಈಗ ಎಲ್ಲಿಂದಲೋ ತಂದಿಟ್ಟಿದ್ದೀಯ," ಎಂದು ಸಾಹೇಬರು ಗುಡುಗಿದರು. "ಅದಿರಲಿ, ನನ್ನ ವರದಿ ಯಾಕೆ ಅರ್ಧಕ್ಕೆ ನಿಂತಿತು?"

"ರಸ್ತೆ ಅಗೆಯುವಾಗ ದೊಡ್ಡ ಲೈನು ತುಂಡಾಗಿ ನಾಲ್ಕು ದಿನ ಆಯ್ತು ಸಾರ್. ನಿಮ್ಮ ವರದಿ ಹೋಗ್ತಿದ್ದದ್ದು ಈ ಕಾರ್ಡಿನಿಂದಲೇ."

"ಹಾಗಾದರೆ ವಾಪಸ್ ಹಾಕು! ವರದಿ ಹೋಗಲೇಬೇಕು."

"ಹಾಕ್ತೀನಿ ಸಾರ್. ಕೊನೆಯಲ್ಲಿ ಒಂದು ಸಾಲು ಸೇರಿಸಿಬಿಡಿ. ಕಳುವಾದ ಕಾರ್ಡಿನ ಮೂಲಕವೇ ಇದನ್ನು ಕಳಿಸಲಾಗಿದೆ ಅಂತ."

ಸಾಹೇಬರ ಮುಖ ಸುಟ್ಟ ಬದನೆಕಾಯಿಯಂತಾಯಿತು. ಕಂಪ್ಯೂಟರ್ ಆರಿಸಿ, ಎದ್ದು ಹೋದರು. ತಪ್ಪಾಯಿತು ಎನ್ನಲಿಲ್ಲ.

ಕೊಟ್ರಪ್ಪ ಕಾರ್ಡನ್ನು ಮತ್ತೆ ಸಿಕ್ಕಿಸಿದ. ಮುಂದಿನ ಸಾಹೇಬರೂ ಬರುತ್ತಾರಲ್ಲ? ಬಣ್ಣದ ಡಬ್ಬಿ ತಂದು ರೂಟರಿನ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಬರೆದ: 'ಒಳಗಿದೆ.'