ಘಾಟು ಬರದ ಮೆಣಸಿನಕಾಯಿ

"ಮತ್ತೆ ಬಡಿದುಕೊಂಡಿತಾ ನಿನ್ನ ಫೋನು? ಒಂದು ಪದ್ಯದ ಅರ್ಥ ಹೇಳಿ ಮುಗಿಸುವುದರೊಳಗೆ ಇದು ನಾಲ್ಕನೇ ಸಲ. ನಾನು ಪಾಠ ಹೇಳಲೋ, ಅದಕ್ಕೆ ತಾಳ ಹಾಕುತ್ತಾ ಕೂರಲೋ?"

ಮಠದ ಅಮ್ಮನವರು ಪುಸ್ತಕ ಮುಚ್ಚಿದರು. ಸರ್ವಮಂಗಳ ಫೋನನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ಮಂಗಳವಾರ ಮಧ್ಯಾಹ್ನ ಮಠದ ಪಡಸಾಲೆಯಲ್ಲಿ ಹೆಂಗಸರಿಗೆ ಪಾಠ. ಈ ಸಲ ಬೇರೆ ಯಾರೂ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ಸರ್ವಮಂಗಳ ಬಂದದ್ದೂ ಪಾಠಕ್ಕಲ್ಲ.

"ಕಾರಿನ ಶೋರೂಮಿನವರು, ಅಮ್ಮ. ನಾಲ್ಕು ಗಂಟೆಯೊಳಗೆ ತೀರ್ಮಾನ ಹೇಳಬೇಕಂತೆ. ನೀವೇ ಹೇಳಿಬಿಡಿ. ಒಂದು ಬ್ಯಾಟರಿ ಕಾರು. ಮೆಟ್ಟಿದರೆ ನಾಲ್ಕೇ ಸೆಕೆಂಡಿಗೆ ನೂರು ಕಿಲೋಮೀಟರ್ ವೇಗ, ಬೆನ್ನು ಹೋಗಿ ಸೀಟಿಗೆ ಅಂಟಿಕೊಳ್ಳುತ್ತೆ. ಇನ್ನೊಂದು ಪೆಟ್ರೋಲ್ ಕಾರು. ಗುಂಡಿ ಒತ್ತಿದರೆ ಹಿಂದಿನ ಸೀಟು ಮಂಚದ ಹಾಗೆ ಚಾಚಿಕೊಳ್ಳುತ್ತೆ. ಎರಡರಲ್ಲಿ ಯಾವುದು ಮೇಲು?"

"ನಾನು ಬಸ್ಸಿನಲ್ಲಿ ಓಡಾಡುವವಳು. ನನ್ನನ್ನು ಕೇಳುತ್ತೀಯಲ್ಲ! ನಿನ್ನ ಗಂಡ ಏನಂದ?"

"'ನಿನಗೆ ಯಾವುದು ಬೇಕೋ ಅದನ್ನೇ ತಗೋ, ಆಮೇಲೆ ನನ್ನ ತಲೆ ತಿನ್ನಬೇಡ' ಅಂದರು."

"ಸರಿ, ನಿನಗೆ ಯಾವುದು ಬೇಕು?"

ಸರ್ವಮಂಗಳ ಬಾಯಿ ತೆರೆದಳು. ಬಂದದ್ದು ಬೇರೆ ಮಾತು. "ದಾಕ್ಷಾಯಣಿ ಅಕ್ಕನ ಮನೆಗೆ ಆ ಪೆಟ್ರೋಲ್ ಕಾರು ಬಂದು ನಾಲ್ಕು ದಿನ ಆಯ್ತು."

ದಾಕ್ಷಾಯಣಿ ಅವಳ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಎರಡು ಮನೆಗೂ ಒಂದೇ ಅಂಗಳ, ಎದುರುಬದುರು ಬಾಗಿಲು. ಆ ಅಂಗಳದಲ್ಲಿ ಈಗ ಕಾರು ನಿಂತಿದೆ. ರಂಗೋಲಿ ಹಾಕಲು ಬಂದರೆ ಅದು, ಬಟ್ಟೆ ಒಣಹಾಕಲು ಬಂದರೂ ಅದು. ಬಗ್ಗಿದರೆ ಅದರ ಬಾಗಿಲಲ್ಲಿ ಸರ್ವಮಂಗಳೆಗೆ ತನ್ನದೇ ಮುಖ ಕಾಣಿಸುತ್ತದೆ, ಮೂಗು ಚಪ್ಪಟೆಯಾಗಿ, ಕಣ್ಣು ಇಷ್ಟಗಲವಾಗಿ. ನಾಲ್ಕು ದಿನದಿಂದ ಅವಳು ಓರಗಿತ್ತಿಯ ಜೊತೆ ಮಾತು ಬಿಟ್ಟಿದ್ದಳು. ಶನಿವಾರ ಅಕ್ಕ ಕಳಿಸಿದ ಪಲ್ಯದ ಬಟ್ಟಲು ಇನ್ನೂ ಇವಳ ಮನೆಯಲ್ಲೇ ಇತ್ತು. ಅದನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ, ಏನಾದರೂ ಹಾಕಿ ಕೊಡಬೇಕು. ಹಾಕಲು ಮನಸ್ಸಿರಲಿಲ್ಲ. ಹತ್ತು ವರ್ಷದಲ್ಲಿ ಆ ಬಟ್ಟಲು ಒಂದು ರಾತ್ರಿಗಿಂತ ಹೆಚ್ಚು ಈ ಕಡೆ ಉಳಿದದ್ದಿಲ್ಲ.

"ನಿನ್ನನ್ನು ಕಾರಿಗೆ ಹತ್ತಿಸಿಕೊಳ್ಳಲಿಲ್ಲವಾ?" ಅಮ್ಮನವರು ಕೇಳಿದರು.

"ಹತ್ತಿಸಿಕೊಂಡರು. 'ಚಪ್ಪಲಿ ಕೊಡವಿ ಹತ್ತಮ್ಮ, ಮಗು ಕೈಯಲ್ಲಿ ಬಿಸ್ಕತ್ತು ಇದೆಯಾ ನೋಡು' ಅಂದರು. ನನ್ನ ಮಗಳೇನು ಕೋಳಿಯಾ, ಕೂತಲ್ಲೆಲ್ಲ ಕೆದರೋಕೆ? ಸಾಲದ್ದಕ್ಕೆ ಅದರ ದೃಷ್ಟಿಯನ್ನೂ ನನ್ನ ಕೈಯಲ್ಲೇ ತೆಗೆಸಿದರು. ಮನೆಯ ಮುತ್ತೈದೆ ಇರುವಾಗ ಹೊರಗಿನವರು ಯಾಕೆ ಅಂತ. ತೆಗೆದೆ. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರೆ, ಒಂದು ಚೂರೂ ಘಾಟಿಲ್ಲ ಅಮ್ಮ! ಒಬ್ಬರೂ ಕೆಮ್ಮಲಿಲ್ಲ. ಯಾರ್‍ಯಾರ ಕೆಟ್ಟ ಕಣ್ಣು ಬಿದ್ದಿದೆಯೋ!"

ಮೆಣಸಿನಕಾಯಿ ಸುಟ್ಟು ಕರಕಲಾದರೂ ಘಾಟು ಏಳದಿದ್ದರೆ ದೃಷ್ಟಿ ಜೋರಾಗಿಯೇ ತಾಗಿತ್ತು ಎಂಬುದು ಆ ಕಡೆಯ ನಂಬಿಕೆ. ಅಮ್ಮನವರು ಪುಸ್ತಕವನ್ನು ಪಕ್ಕಕ್ಕೆ ಸರಿಸಿದರು.

"ಒಂದು ಕತೆ ಹೇಳುತ್ತೇನೆ. ನೀನೂ ಬಾಯಿ ಹಾಕಬೇಡ, ನಿನ್ನ ಫೋನೂ ಬಾಯಿ ಹಾಕಬಾರದು."

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಅಣ್ಣತಮ್ಮಂದಿರಿಬ್ಬರು ಇದ್ದರು. ಇಬ್ಬರೂ ವ್ಯಾಪಾರಿಗಳು. ಅಣ್ಣ ಒಂದು ಪೆಟ್ರೋಲ್ ಕಾರು ತಂದ. ತಮ್ಮನ ಹೆಂಡತಿ ಅದಕ್ಕೆ ದೃಷ್ಟಿ ತೆಗೆದಳು. ಬಂದವರ ಕಣ್ಣು, ಹೋದವರ ಕಣ್ಣು, ಅಕ್ಕಪಕ್ಕದವರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು ಎಂದು ಒಂದೂ ಬಿಡದೆ ಹೇಳಿದಳು. ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದಳು. ಘಾಟು ಬರಲಿಲ್ಲ. ಅವಳು ತಿರುಗಿ ಪಕ್ಕದ ಮನೆಯ ಕಿಟಕಿಯನ್ನು ದುರುಗುಟ್ಟಿಕೊಂಡು ನೋಡಿದಳು.

"ನಾನೂ ಹಾಗೇ..." ಎಂದ ಸರ್ವಮಂಗಳ ತುಟಿ ಕಚ್ಚಿಕೊಂಡಳು.

ಅಂದಿನಿಂದ ತಮ್ಮನ ಹೆಂಡತಿಗೆ ಅನ್ನ ಸೇರಲಿಲ್ಲ. ಅಣ್ಣನ ಕಾರನ್ನು ಹಿಂದೆ ಹಾಕುವಂಥದ್ದು ಬೇಕು ಎಂದು ಹಟ ಹಿಡಿದಳು. ತಮ್ಮ ಬ್ಯಾಟರಿ ಕಾರು ತಂದುಕೊಟ್ಟ. ಅವಳೇ ಓಡಿಸಲು ಕಲಿತಳು. ಒಂದು ದಿನ ಹೆದ್ದಾರಿಯಲ್ಲಿ ಅಣ್ಣನ ಕಾರು ಮುಂದೆ ಹೋಗುತ್ತಿತ್ತು. ಅವಳು ಮೆಟ್ಟಿದಳು. ರೆಪ್ಪೆ ಬಡಿಯುವಷ್ಟರಲ್ಲಿ ಅದನ್ನು ದಾಟಿದಳು. ದಾಟುವಾಗ ಓರಗಿತ್ತಿಯ ಮುಖ ನೋಡಿದಳು.

ಓರಗಿತ್ತಿ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ನಿದ್ದೆ ಮಾಡುತ್ತಿದ್ದಳು.

ಅವಳು ಮುಂದೆ ಹೋಗಿ ಕಾರು ನಿಲ್ಲಿಸಿದಳು. ಅಣ್ಣನ ಕಾರು ಮುಂದೆ ಹೋಗಲು ಬಿಟ್ಟು ಮತ್ತೆ ದಾಟಿದಳು. ಓರಗಿತ್ತಿ ಮಗ್ಗುಲು ಬದಲಿಸಿದ್ದಳು, ಅಷ್ಟೆ. ಮೂರನೆಯ ಸಲ ಹಾರನ್ ಹೊಡೆಯುತ್ತಾ ದಾಟಿದಳು. ಆ ಕಾರಿನೊಳಕ್ಕೆ ಹೊರಗಿನ ಸದ್ದೇ ಹೋಗುತ್ತಿರಲಿಲ್ಲ. ನೋಡುವವರಿಲ್ಲದ ಮೇಲೆ ಗೆದ್ದು ಏನು ಸುಖ? ಮನೆಗೆ ಬಂದವಳೇ ಗಂಡನಿಗೆ ಹೇಳಿದಳು: "ನನಗೆ ಈ ವೇಗ ಬೇಡ. ಅವಳ ನಿದ್ದೆ ಬೇಕು."

ತಮ್ಮ ಬ್ಯಾಟರಿ ಕಾರನ್ನು ಮಾರಿದ. ಪೆಟ್ರೋಲ್ ಕಾರು ತಂದ. ಅಣ್ಣನ ಕಾರಿಗಿಂತ ಒಂದು ಗೇಣು ಉದ್ದದ್ದು, ಅದರ ಸೀಟು ಇನ್ನೂ ಮೆತ್ತಗಿನದು. ಶೋರೂಮಿನಿಂದ ಮನೆಯವರೆಗೆ ಅವಳು ಆ ಸೀಟಿನಲ್ಲಿ ಕಾಲು ಚಾಚಿ ಮಲಗಿದಳು. ಕಣ್ಣು ಮುಚ್ಚಲಿಲ್ಲ. ಬೀದಿಯಲ್ಲಿ ಯಾರು ಯಾರು ನೋಡುತ್ತಿದ್ದಾರೆ ಎಂದು ನೋಡಬೇಕಿತ್ತು.

ಕಾರು ಅಂಗಳದಲ್ಲಿ ನಿಂತಿತು. ಅವಳು ಓರಗಿತ್ತಿಯನ್ನು ಕರೆದಳು. "ಅಕ್ಕ, ನೀವೇ ದೃಷ್ಟಿ ತೆಗೆಯಬೇಕು" ಎಂದಳು. ನನ್ನ ಕೈಯಲ್ಲಿ ತೆಗೆಸಿದ್ದೆಯಲ್ಲ, ಈಗ ನೀನು ತೆಗೆ ಎಂಬುದು ಅವಳ ಮನಸ್ಸಿನಲ್ಲಿತ್ತು. ಈ ಸಲವೂ ಘಾಟು ಬರಬಾರದು, ಊರಿಗೆ ಊರೇ ನನ್ನ ಕಾರಿನ ಮೇಲೆ ಕಣ್ಣು ಹಾಕಿದೆ ಎಂದು ಇವಳು ತಿಳಿಯಬೇಕು ಎಂದೂ ಇತ್ತು.

ಓರಗಿತ್ತಿ ಒದ್ದೆ ಕೈ ಒರೆಸಿಕೊಂಡು ಬಂದಳು. ಉಪ್ಪು, ಮೆಣಸಿನಕಾಯಿಯನ್ನು ಮುಷ್ಟಿಯಲ್ಲಿ ಹಿಡಿದಳು. ಕಾರಿನ ಮುಂದೆ ನಿವಾಳಿಸುತ್ತಾ, "ಮೊದಲು ನನ್ನ ಕಣ್ಣು" ಎಂದಳು. ಆಮೇಲೆ "ಬಂದವರ ಕಣ್ಣು, ಹೋದವರ ಕಣ್ಣು" ಎಂದು ಮುಂದುವರಿಸಿದಳು.

ತಮ್ಮನ ಹೆಂಡತಿಯ ಎದೆ ಅರಳಿತು. ಕೊನೆಗೂ ಬಿತ್ತಲ್ಲ ಇವಳ ಕಣ್ಣು! ಆದರೂ ಇನ್ನೊಮ್ಮೆ ಕೇಳುವ ಆಸೆ. "ನಿಮ್ಮ ಕಣ್ಣು ಯಾಕಕ್ಕ?" ಎಂದಳು.

"ನಿನ್ನೆ ನೀನು ಫೋಟೋ ತೋರಿಸಿದಾಗ ನನ್ನದಕ್ಕಿಂತ ಚೆನ್ನಾಗಿದೆಯಲ್ಲ ಅಂತ ಹೊಟ್ಟೆ ಚುರುಕ್ ಅಂತು ಕಣಮ್ಮ" ಎಂದಳು ಓರಗಿತ್ತಿ. "ಬಿದ್ದಿರೋದನ್ನ ತೆಗೆದು ಹಾಕಬೇಕಲ್ಲ, ಒಳಗೆ ಇಟ್ಟುಕೊಂಡು ಸಾಕೋದಾ?"

ಹೀಗೆ ಹೇಳಿ ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದಳು. ದೃಷ್ಟಿಯೇ ಉಳಿದಿಲ್ಲವೆಂಬಂತೆ ಘಾಟು ಎದ್ದಿತು. ಅಂಗಳ ತುಂಬಿತು. ಅಣ್ಣ ಕೆಮ್ಮಿದ, ತಮ್ಮ ಕೆಮ್ಮಿದ, ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಓರಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಒಲೆಯ ಮೇಲೆ ಹಾಲಿಟ್ಟಿದ್ದು ನೆನಪಾಗಿ ಒಳಗೆ ಓಡಿದಳು. ತಮ್ಮನ ಹೆಂಡತಿ ಒಬ್ಬಳೇ ಹೊಸ ಕಾರಿನ ಪಕ್ಕದಲ್ಲಿ ಕೆಮ್ಮುತ್ತಾ ನಿಂತಳು.

ಅಮ್ಮನವರು ಅಲ್ಲಿಗೆ ನಿಲ್ಲಿಸಿದರು. ನೀರು ಕುಡಿದು ಲೋಟ ಕೆಳಗಿಟ್ಟರು.

ಸರ್ವಮಂಗಳ ಕಾದಳು.

"ಆಮೇಲೆ?"

"ಆಮೇಲೇನೂ ಇಲ್ಲ."

"ಇದೆಂಥ ಕತೆ ಅಮ್ಮ! ಕೊನೆಗೆ ಅವಳು ಯಾವ ಕಾರು ಇಟ್ಟುಕೊಂಡಳು? ವೇಗದ್ದು ಮೇಲಂತೋ, ಮೆತ್ತಗಿನದು ಮೇಲಂತೋ? ಅದು ಗೊತ್ತಾಗದೆ ನಾನು ಶೋರೂಮಿನವರಿಗೆ ಏನಂತ ಹೇಳಲಿ?"

ಸೆರಗಿನೊಳಗೆ ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಅಮ್ಮನವರು ಗದರಲಿಲ್ಲ.

"ಹೇಳುವೆಯಂತೆ. ಅದಕ್ಕೂ ಮುಂಚೆ, ಶುಕ್ರವಾರ ನಿಮ್ಮ ಅಕ್ಕನ ಕಾರಿಗೆ ದೃಷ್ಟಿ ತೆಗೆದೆಯಲ್ಲ, ಆಗ ಏನೇನು ಹೇಳಿದೆ? ನನಗೂ ಒಮ್ಮೆ ಹೇಳು."

ಅದೇನು ಮಹಾ ಎನ್ನುವಂತೆ ಸರ್ವಮಂಗಳ ಶುರು ಮಾಡಿದಳು. ಮಗಳಿಗೆ ದಿನಾ ಸಂಜೆ ಹೇಳಿ ಹೇಳಿ ಬಾಯಿಗೆ ಬಂದದ್ದೇ. "ಬಂದವರ ಕಣ್ಣು, ಹೋದವರ ಕಣ್ಣು, ಅಕ್ಕಪಕ್ಕದವರ ಕಣ್ಣು, ನೆಂಟರ ಕಣ್ಣು, ಇಷ್ಟರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು..." ಕೈ ತಾನಾಗಿಯೇ ಗಾಳಿಯಲ್ಲಿ ಸುತ್ತು ಹಾಕುತ್ತಿತ್ತು. "ಬೀದಿಯವರ ಕಣ್ಣು, ಬಾಗಿಲಲ್ಲಿ ನಿಂತವರ ಕಣ್ಣು..."

ಕಾರಿನ ಬಾಗಿಲಲ್ಲಿ ಕಂಡ ಆ ಅಗಲವಾದ ಮುಖ ಎದುರಿಗೆ ಬಂದು ನಿಂತಿತು. ಕೈ ಅರ್ಧ ಸುತ್ತಿನಲ್ಲೇ ನಿಂತಿತು.

"ಊರವರದೆಲ್ಲ ಬಂತು ಮಂಗಳಾ, ಅಲ್ಲಿ ನಿಂತು ನೋಡಿದ ಇನ್ನೊಂದು ಜೊತೆ ಕಣ್ಣು ಉಳಿಯಿತಲ್ಲ, ಅದು ಯಾರದು?"